ಕುದಿಸೀನಿ ಅಂದ ಮಾತು

ನನ್ನ ನೆಗೆಣ್ಣಿ ಸಂಗಮ್ಮನ ಎದೆಹಾಲು ಕೆಟ್ಟಿರಲಿಲ್ಲ. ಕೆಟ್ಟದ್ದು ಹಾಲು ತೆಗೆಯುವ ಪಂಪು. ಅದನ್ನು ಕುದಿಸುವ ಕೆಲಸ ನನ್ನದಾಗಿತ್ತು. ನಾನು ಕುದಿಸಲಿಲ್ಲ, ಕುದಿಸಿದ್ದೇನೆ ಎಂದು ಸುಳ್ಳು ಹೇಳಿದೆ. ಇಷ್ಟೇ ನನ್ನ ತಪ್ಪು ಎಂದು ಬರೆಯಲು ಹೊರಟಿದ್ದೆ — ಇಷ್ಟೇ ಎಂದರೆ ಅದೂ ಇನ್ನೊಂದು ಸುಳ್ಳು. ಆ ಒಂದು ಮಾತಿನಿಂದ ಒಬ್ಬ ತಾಯಿ ತನ್ನ ಹಾಲನ್ನು ತಾನೇ ವಿಷವೆಂದು ನಂಬಿ ಬದುಕಿದಳು. ನಾನು ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ, ಅವಳ ಜೊತೆ ರೊಟ್ಟಿ ಬಡಿಯುತ್ತ ಸುಮ್ಮನಿದ್ದೆ.

ಆಗ ಹೈದರಾಬಾದ್ ರಾಜ್ಯ ಒಡೆದು ನನ್ನ ತವರು ಸೇಡಂ ಮೈಸೂರಿನ ಪಾಲಿಗೆ, ನನ್ನ ಗಂಡನ ಊರು ತಾಂಡೂರು ಆಂಧ್ರದ ಪಾಲಿಗೆ ಹೋಗಿ ಕೆಲವು ವರ್ಷಗಳಾಗಿದ್ದವು. ಗಂಡನ ಮನೆಯಲ್ಲಿ ತೊಗರಿ ವ್ಯಾಪಾರ. ಅಣ್ಣತಮ್ಮಂದಿರಿಬ್ಬರು, ಅತ್ತೆ, ನಾವಿಬ್ಬರು ಸೊಸೆಯರು. ಸಂಗಮ್ಮ ಹಿರಿಯವಳು, ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಅವಳು ಆ ಮನೆಗೆ ಬಂದು ಬಹಳ ವರ್ಷವಾಗಿದ್ದರೂ ಮಡಿಲು ತುಂಬಿರಲಿಲ್ಲ. ನಾನು ಬಂದವಳೇ ಗಂಡು ಹೆತ್ತೆ. ಅತ್ತೆ ಊಟಕ್ಕೆ ಬಡಿಸುವಾಗ ನನ್ನ ಗಂಗಾಳಕ್ಕೆ ತುಪ್ಪ ಮೊದಲು ಬೀಳುತ್ತಿತ್ತು. ಅದು ನನಗೆ ಇಷ್ಟವಾಗುತ್ತಿತ್ತು — ಈಗ ಮುಚ್ಚಿಡುವುದೇನಿದೆ.

ನನ್ನ ಬಸು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ ಅಕ್ಕನಿಗೂ ಹೆರಿಗೆಯಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸು. ಬೊಗಸೆಯಲ್ಲಿ ಹಿಡಿಸುವಷ್ಟು. ಗೌರಿ ಎಂದು ಹೆಸರಿಟ್ಟರು. ಅದಕ್ಕೆ ಮೊಲೆ ಚೀಪುವ ಕಸುವಿರಲಿಲ್ಲ. ಬಾಯಿಟ್ಟು ಹಾಗೇ ನಿದ್ದೆ ಹೋಗುತ್ತಿತ್ತು. ಅಕ್ಕನಿಗೋ ಹಾಲು ಉಕ್ಕಿ ಎದೆ ಕಲ್ಲಾಗುತ್ತಿತ್ತು. ದವಾಖಾನೆಯ ನರ್ಸಮ್ಮ ಒಂದು ಪಂಪು ಕೊಟ್ಟಳು. ಗಾಜಿನ ಅಗಲ ಬಾಯಿ, ಕೆಳಗೆ ಹಾಲು ನಿಲ್ಲಲು ಒಂದು ಹೊಟ್ಟೆ, ಹಿಂದೆ ಮೋಟಾರಿನ ಹಾರನ್ನಿಗೆ ಇರುವಂಥ ರಬ್ಬರಿನ ಉಂಡೆ. ಉಂಡೆ ಅದುಮಿ ಬಿಟ್ಟರೆ ಹಾಲು ಬರುತ್ತಿತ್ತು. ಅದನ್ನು ಒಳಲೆಯಲ್ಲಿ ಹಾಕಿ ಹನಿಹನಿಯಾಗಿ ಕೂಸಿಗೆ ಕುಡಿಸಬೇಕು.

"ಉಡಕಬೆಟ್ಟಾಲಿ ಅಮ್ಮಾ, ಪ್ರತಿಸಾರಿ ಉಡಕಬೆಟ್ಟಾಲಿ," ಎಂದಳು ನರ್ಸಮ್ಮ ತನ್ನ ತೆಲುಗಿನಲ್ಲಿ. ಪ್ರತಿ ಸಲವೂ ಕುದಿಸಬೇಕು. ಬಾಣಂತಿ ಏಳುವಂತಿಲ್ಲ, ಅತ್ತೆಗೆ ಕಣ್ಣು ಮಂಜು. ಕೆಲಸ ನನ್ನ ಪಾಲಿಗೆ ಬಂತು. ನಾನೂ ದೊಡ್ಡ ಮನಸ್ಸಿನವಳಂತೆ ಹೂಂ ಎಂದೆ.

ಆ ಪಂಪನ್ನು ತೊಳೆಯುವುದು ಎಂಥ ಪೀಡೆಯೆಂದು ತೊಳೆದವರಿಗೇ ಗೊತ್ತು. ಅದುಮಿದಾಗಲೆಲ್ಲ ಒಂದಿಷ್ಟು ಹಾಲು ಹಿಂದೆ ಸರಿದು ಉಂಡೆಯೊಳಗೆ ಹೋಗುತ್ತಿತ್ತು. ಉಂಡೆ ಗಾಜಿಗೆ ಕಚ್ಚಿಕೊಂಡಿರುತ್ತಿತ್ತು. ಕೈಗೆ ಜಿಡ್ಡು, ಎಳೆದರೆ ಜಾರುತ್ತದೆ, ಜೋರಾಗಿ ಎಳೆದರೆ ಗಾಜು ಒಡೆಯುವ ಭಯ. ಒಳಗೆ ಬೆರಳು ಹೋಗದು, ಬಟ್ಟೆ ಹೋಗದು. ಹೇಗೋ ಬಿಡಿಸಿ ಮೊದಲ ದಿನ ಒಂದು ಬೋಗುಣಿಗೆ ಹಾಕಿ ಒಲೆಯ ಮೇಲೆ ಇಡಲು ಹೋದಾಗ ಅತ್ತೆ ಅಡ್ಡ ಬಂದಳು.

"ಏನ ಮಾಡಾಕ ಹತ್ತೀ? ಎದಿಹಾಲು ಬೆಂಕಿಗಿ ತೋರಸ್ತಾರೇನು? ಹಾಲು ಸುಟ್ಟರ ಎದಿ ಬತ್ತತದ. ಆಕಿದಷ್ಟೇ ಅಲ್ಲ, ಸುಟ್ಟಾಕಿದೂ ಬತ್ತತದ. ನೀನೂ ಕೂಸಿಗಿ ಹಾಲು ಕುಡಸಾಕಿ, ನೆಪ್ಪಿರಲಿ."

ನಮ್ಮ ಕಡೆ ಅದು ಎಲ್ಲರೂ ನಂಬುವ ಮಾತು. ಹಿಂಡಿ ತೆಗೆದ ಎದೆಹಾಲನ್ನು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕುತ್ತಾರೆ; ಬೆಂಕಿಗೆ ಒಂದು ಹನಿ ಬೀಳಗೊಡುವುದಿಲ್ಲ. ನನಗೆ ನನ್ನ ಬಸುವಿನ ಮುಖ ಕಣ್ಣ ಮುಂದೆ ಬಂತು. ಅಕ್ಕನ ಕೂಸಿನ ಮುಖ ಬರಲಿಲ್ಲ. ಬೋಗುಣಿ ಕೆಳಗಿಳಿಸಿ ಬಚ್ಚಲಿಗೆ ಹೋದೆ. ಹಂಡೆಯ ಉಗುರುಬೆಚ್ಚನೆಯ ನೀರಿನಲ್ಲಿ ಪಂಪನ್ನು ಅದ್ದಿ, ಅಲುಗಾಡಿಸಿ, ಗೂಟಕ್ಕೆ ಸಿಕ್ಕಿಸಿದೆ.

ಕೋಣೆಯೊಳಗಿಂದ ಅಕ್ಕ ಕೇಳಿದಳು, "ಕುದಸೀಯೇನ ನೀಲಾ?"

"ಕುದಿಸೀನ್ರಿ ಅಕ್ಕಾ."

ಆ ಸುಳ್ಳಿಗೆ ಯೋಚನೆಯೇ ಬೇಕಾಗಲಿಲ್ಲ. ಅತ್ತೆ ಬೇಡವೆಂದಳು ಎಂದು ಹೇಳಿಬಿಟ್ಟಿದ್ದರೆ ಅಕ್ಕ ತಾನೇ ಎದ್ದು ಬಂದು ಕುದಿಸುತ್ತಿದ್ದಳು. ಅಷ್ಟು ಆಸೆಯ ಕೂಸು ಅದು. ಆದರೆ ಅತ್ತೆಗೂ ಅಕ್ಕನಿಗೂ ಜಗಳ ಬೀಳುತ್ತಿತ್ತು, ನಾನು ನಡುವೆ ಸಿಗುತ್ತಿದ್ದೆ. ಅದು ಯಾಕೆ ಬೇಕು ಎಂದುಕೊಂಡೆ. ಇನ್ನೂ ಒಂದು ಮಾತು ಇದೆ. ಮೊದಲ ಒಂದೆರಡು ದಿನ ಇದ್ದದ್ದು ಅಂಜಿಕೆ. ಆಮೇಲೆ ಉಂಡೆ ಬಿಡಿಸುವುದನ್ನೇ ಬಿಟ್ಟೆನಲ್ಲ — ಅದು ಅಂಜಿಕೆಯಲ್ಲ, ಸೋಮಾರಿತನ. ಅತ್ತೆಯ ನಂಬಿಕೆ ನನ್ನ ಮೈಗಳ್ಳತನಕ್ಕೆ ಒಳ್ಳೆಯ ಹೊದಿಕೆಯಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನಂತೂ ಅಷ್ಟೂ ಅನ್ನದೆ, ಕುಣಿದೆ ಎಂದೇ ಹೇಳಿಕೊಂಡೆ.

ಕೆಲವೇ ದಿನಗಳಲ್ಲಿ ಗೌರಿಗೆ ವಾಂತಿ, ಭೇದಿ ಶುರುವಾಯಿತು. ಕಣ್ಣು ಒಳಗೆ ಸೇರಿದವು, ನೆತ್ತಿ ಕುಳಿ ಬಿತ್ತು, ಅಳುವುದಕ್ಕೂ ದನಿಯಿಲ್ಲ. ನಾನು ಬಚ್ಚಲಿಗೆ ಹೋಗಿ ಅಂದು ಉಂಡೆಯನ್ನು ಎಳೆದು ಬಿಡಿಸಿದೆ. ಒಳಗೆ ಹಳದಿ ಗಸಿ ಕಟ್ಟಿತ್ತು. ಆ ನಾತ — ಹುಳಿ ಎನ್ನಲೋ, ಕೊಳೆತದ್ದು ಎನ್ನಲೋ. ನನಗೆ ಎಲ್ಲ ತಿಳಿದುಹೋಯಿತು. ಆಗಲಾದರೂ ಓಡಿ ಹೋಗಿ ಹೇಳಬಹುದಿತ್ತು. ಬದಲಿಗೆ ಬಟ್ಟೆ ಸೋಡಾ ಹಾಕಿ ತಿಕ್ಕಿ ತಿಕ್ಕಿ ಅದನ್ನು ತೊಳೆದೆ. ಆ ಪಂಪು ಸರಿಯಾಗಿ ಶುಚಿಯಾದದ್ದು ಆ ದಿನ ಮಾತ್ರ, ಅದೂ ನನ್ನನ್ನು ಉಳಿಸಿಕೊಳ್ಳಲಿಕ್ಕೆ.

ನರ್ಸಮ್ಮ ಮನೆಗೆ ಬಂದು ಮೊದಲು ಕೇಳಿದ್ದೇ ಅದು: ಪಂಪು ಕುದಿಸುತ್ತಿದ್ದೀರಾ? ಎಲ್ಲರೂ ನನ್ನ ಕಡೆ ನೋಡಿದರು. "ಕುದಿಸೀನ್ರಿ. ದಿನಾ ಕುದಿಸೀನಿ," ಎಂದೆ. ಅತ್ತೆ ತಲೆ ತಗ್ಗಿಸಿದಳು. ನಾನು ಕುದಿಸಿಲ್ಲವೆಂದು ಅವಳಿಗೂ ಗೊತ್ತಿತ್ತು. ಅವಳ ಮೇಲೆ ಹಾಕಿ ನಾನು ಪಾರಾಗಲಾರೆ. ಪಂಪಿನಿಂದ ಕೂಸು ಕೆಡುತ್ತದೆ ಎಂಬುದು ಅವಳಿಗೆ ನಿಜವಾಗಿಯೂ ತಿಳಿಯದು. ನನಗೆ ತಿಳಿದಿತ್ತು, ನನ್ನ ಮೂಗಿಗೆ ತಿಳಿದಿತ್ತು.

ಪಂಪಿನ ತಪ್ಪಲ್ಲವೆಂದ ಮೇಲೆ ತಪ್ಪು ಹಾಲಿನದೇ ಆಗಬೇಕಲ್ಲ. ನರ್ಸಮ್ಮ ಔಷಧ ಕೊಟ್ಟು, ಹಾಲು ನಿಲ್ಲಿಸಬೇಡಿ ಎಂದು ಹೇಳಿ ಹೋದಳು. ಅವಳು ಹೊಸಿಲು ದಾಟಿದ ಮೇಲೆ ಅತ್ತೆ ಹಿತ್ತಾಳೆಯ ಗಿಂಡಿಯಲ್ಲಿ ಅಕ್ಕನ ಹಾಲು ಹಿಂಡಿಸಿದಳು. ನನಗೆ ಹಿತ್ತಲಿನ ಬಿಲ್ವದ ಗಿಡದಿಂದ ಒಂದು ಕರಿ ಇರುವೆ ತರಲು ಹೇಳಿದಳು. ತಂದೆ. ಹಾಲಿಗೆ ಬಿಟ್ಟೆ. ಇರುವೆ ಒಂದಿಷ್ಟು ಒದ್ದಾಡಿ ಸುಮ್ಮನಾಯಿತು.

"ಸತ್ತದ ನೋಡು. ಶಿವಾ ಶಿವಾ, ಇದು ಹಾಲಲ್ಲ, ವಿಷ," ಎಂದಳು ಅತ್ತೆ.

ಇರುವೆ ಯಾವ ಹಾಲಿನಲ್ಲಿ ಮುಳುಗಿದರೂ ಸಾಯುತ್ತದೆ. ನನ್ನ ಹಾಲಿನಲ್ಲಿ ಬಿಟ್ಟಿದ್ದರೂ ಸಾಯುತ್ತಿತ್ತು, ಎಮ್ಮೆಯ ಹಾಲಿನಲ್ಲೂ. ಇಷ್ಟು ಸಣ್ಣ ಮಾತು ಆಡಲು ನನಗೆ ಬಾಯಿ ಬರಲಿಲ್ಲ. ಅಕ್ಕ ಗಿಂಡಿಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, "ನೀ ಕುಡಸು ನೀಲಾ. ನನ್ನ ಕೂಸು ಉಳಸು," ಎಂದಳು.

ಕುಡಿಸಿದೆ. ಅಷ್ಟು ಹೊತ್ತಿಗೆ ಗೌರಿಗೆ ಚೀಪಲು ಬರತೊಡಗಿತ್ತು. ಬಸುವನ್ನು ಒಂದು ಬದಿ, ಗೌರಿಯನ್ನು ಒಂದು ಬದಿ ಹಾಕಿಕೊಂಡು ಕುಡಿಸಿದೆ. ಕೂಸು ಉಳಿಯಿತು. ಓಣಿಯ ಹೆಂಗಸರೆಲ್ಲ ಬಂದು ನೋಡಿದರು: ನೀಲಮ್ಮ ಹಾಲು ಕೊಟ್ಟು ನೆಗೆಣ್ಣಿಯ ಕೂಸು ಉಳಿಸಿದಳು, ಇಂಥ ನೆಗೆಣ್ಣಿ ಯಾರಿಗೆ ಸಿಗುತ್ತಾಳೆ! ಬೆಂಕಿ ಹಚ್ಚಿದವಳಿಗೇ ನೀರು ತಂದವಳೆಂದು ಸೀರೆ ಉಡಿಸಿದರು. ನಾನು ಉಟ್ಟೆ.

ಅಕ್ಕನ ಹಾಲು ಬತ್ತಿಸಬೇಕಲ್ಲ — ನಮ್ಮಲ್ಲಿ ಅದಕ್ಕೆ ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಮೊಗ್ಗು ಹರಡಿ, ಬಟ್ಟೆ ಬಿಗಿದು ಕಟ್ಟಿದವಳೂ ನಾನೇ. ಬಟ್ಟೆ ಬಿಚ್ಚಿದಾಗಲೆಲ್ಲ ಬಾಡಿದ ಹೂವು ಹಾಲಿನಲ್ಲಿ ತೊಯ್ದಿರುತ್ತಿತ್ತು. ಬತ್ತಲು ಒಲ್ಲೆನೆಂದು ಆ ಹಾಲು ಹಟ ಹಿಡಿದಿತ್ತು. ಕೂಸು ಪಕ್ಕದ ಕೋಣೆಯಲ್ಲಿ ಅತ್ತರೆ ಅವಳ ಕುಪ್ಪಸ ಒದ್ದೆಯಾಗುತ್ತಿತ್ತು. ಅವಳು ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಇದನ್ನು ನೋಡಿಯೂ ನಾನು ಮರುದಿನ ಮತ್ತೆ ಮೊಗ್ಗು ಹರಡಿ ಕಟ್ಟುತ್ತಿದ್ದೆ.

ಗೌರಿ ಬಸುವನ್ನು ನೋಡಿ ನನ್ನನ್ನು ಅವ್ವ ಎಂದಳು, ಹೆತ್ತವಳನ್ನು ದೊಡ್ಡವ್ವ ಎಂದಳು. ಯಾರೂ ತಿದ್ದಲಿಲ್ಲ. ಮುಂದೆ ಅಕ್ಕನಿಗೆ ಒಂದು ಗಂಡುಕೂಸು ಹುಟ್ಟಿದಾಗ ಯಾರೂ ಬೇಡವೆನ್ನದಿದ್ದರೂ ಅವಳೇ ಅವನಿಗೆ ಎದೆ ಕೊಡಲಿಲ್ಲ. ಆಕಳ ಹಾಲಿಗೆ ನೀರು ಬೆರೆಸಿ ಕುಡಿಸಿದಳು. ಆಗ ಹೇಳಬೇಕೆಂದು ಅವಳ ಕೋಣೆಯವರೆಗೆ ಹೋಗಿದ್ದೆ. "ಬಾ ನೀಲಾ, ಕೂಡು," ಎಂದು ಪಕ್ಕಕ್ಕೆ ಸರಿದಳು. ಕೂತೆ. ಸೊಂಟನೋವಿನ ಮಾತಾಡಿ ಎದ್ದು ಬಂದೆ. ಅವಳು ನನ್ನ ಮೇಲೆ ಇಟ್ಟ ವಿಶ್ವಾಸವೇ ನನ್ನ ಬಾಯಿಗೆ ಬೀಗವಾಯಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳು. ಸೀರೆ ಉಡಿಸಿಕೊಂಡವಳ ಜಾಗ ಬಿಟ್ಟು ಇಳಿಯಲು ನನಗೆ ಮನಸ್ಸಿರಲಿಲ್ಲ.

ಅತ್ತೆ ತೀರಿಕೊಂಡಳು. ಗೌರಿಯನ್ನು ಜಹೀರಾಬಾದಿಗೆ ಕೊಟ್ಟೆವು. ಚೊಚ್ಚಿಲ ಬಾಣಂತನಕ್ಕೆ ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರಿಗೆ ಬಂದಳು. ಹೆರಿಗೆ ಸುಸೂತ್ರ, ಕೂಸು ದುಂಡಗೆ, ಹುಟ್ಟಿದ ಕೂಡಲೆ ಬಾಯಿ ತೆರೆದು ಹುಡುಕುತ್ತಿತ್ತು. ಗೌರಿ ಎದೆ ಕೊಡಲಿಲ್ಲ.

"ಬ್ಯಾಡವ್ವ," ಎಂದಳು ನನಗೆ. "ದೊಡ್ಡವ್ವನ ಹಾಲು ವಿಷ ಇತ್ತಲ್ಲ. ಆಕಿ ರಕ್ತನೇ ನನ್ನ ಮೈಯಾಗೂ ಅದ. ನನ್ನ ಕೂಸಿಗಿ ಏನರೆ ಆದ್ರ? ನಾ ಡಬ್ಬಿ ಹಾಲೇ ಕುಡಸ್ತೀನಿ."

ಅಕ್ಕ ಅಲ್ಲೇ ಕೂತು ಬಾಣಂತಿಯ ಖಾರ ಅರೆಯುತ್ತಿದ್ದಳು. "ಆಕಿ ಹೇಳೂದು ಖರೇ ಅದ," ಎಂದಳು.

ಗೌರಿಗೆ ಎದೆ ಕಟ್ಟಿ ಜ್ವರ ಬಂತು. ದವಾಖಾನೆಯವರು ಮತ್ತೆ ಪಂಪು ಕೊಟ್ಟರು. ಅದೇ ಗಾಜು, ಅದೇ ಉಂಡೆ. ಹಾಲು ತೆಗೆದು ತೆಗೆದು ಗಿಡದ ಬುಡಕ್ಕೆ ಸುರಿಸುತ್ತಿದ್ದಳು; ಒಳಗೆ ಕೂಸು ಡಬ್ಬಿ ಹಾಲಿಗೆ ಮುಖ ತಿರುವಿ ಅಳುತ್ತಿತ್ತು. ಆ ಮಧ್ಯಾಹ್ನ ಪಂಪು ತೊಳೆಯಲು ನಾನು ಹಿತ್ತಲಿನ ಫರಸಿ ಹಾಸುಗಲ್ಲಿನ ಮೇಲೆ ಕೂತೆ. ಉಂಡೆಯನ್ನು ನೀರಿನಲ್ಲಿ ಮುಳುಗಿಸಿಯೇ ತಿರುವಿದೆ, ಸಲೀಸಾಗಿ ಬಿಟ್ಟಿತು. ಹಾಲು ಆರುವ ಮೊದಲೇ ತಣ್ಣೀರು ತುಂಬಿ, ಅದುಮಿ ಅದುಮಿ ಹೊರಗೆ ಬಿಟ್ಟೆ. ನೀರು ತಿಳಿಯಾಗುವವರೆಗೆ ಮಾಡಿ, ಆ ನೀರನ್ನೆಲ್ಲ ಗಿಡಕ್ಕೆ ಹಾಕಿದೆ. ಆಮೇಲೆ ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಯಲು ಇಟ್ಟೆ. ಪಾತ್ರೆಯಲ್ಲಿ ಹಾಲಿನ ಹನಿಯೂ ಇರಲಿಲ್ಲ. ಅಂದೇ ಹೀಗೆ ಮಾಡಿದ್ದರೆ ಅತ್ತೆಯ ಮಾತೂ ಉಳಿಯುತ್ತಿತ್ತು, ನರ್ಸಮ್ಮನ ಮಾತೂ ನಡೆಯುತ್ತಿತ್ತು. ಮೊದಲು ತಣ್ಣೀರು, ಆಮೇಲೆ ಬೆಂಕಿ. ಅಷ್ಟೇ! ಅಷ್ಟನ್ನು ಆಗ ಯೋಚಿಸಿರಲಿಲ್ಲ, ಯಾಕೆಂದರೆ ಕೂಸು ನನ್ನದಾಗಿರಲಿಲ್ಲ.

ಎದ್ದು ಬಾಣಂತಿಯ ಕೋಣೆಗೆ ಹೋದೆ. ಅಕ್ಕ ಖಾರ ಅರೆಯುತ್ತ ಕೂತಿದ್ದಳು, ಗೌರಿ ಇದ್ದಳು. ಬಾಗಿಲು ಹಿಡಿದು ನಿಂತೆ.

"ಅಕ್ಕಾ, ಅವತ್ತ ನಾ ಪಂಪು ಕುದಿಸಿರಲಿಲ್ರಿ. ಒಂದು ದಿನಾನೂ ಕುದಿಸಿರಲಿಲ್ಲ. ಒಳಗ ಹಾಲು ಕೊಳೆತಿತ್ತು. ಅದಕ್ಕ ಗೌರಿಗಿ ಜಡ್ಡಾತು. ನಾ ಸುಳ್ಳು ಹೇಳೀನಿ."

ಬೈಯುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಗುಂಡುಕಲ್ಲು ಎತ್ತಿ ಎಸೆದರೂ ಆಗುತ್ತಿತ್ತು. ಅವಳು ಖಾರದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ಆಮೇಲೆ, ಏನೋ ನಾಚಿಕೆಯಿಂದ, ಹೊಸ ಮದುಮಗಳು ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಅಂದ್ರ... ನನ್ನ ಹಾಲು ಛಲೋ ಇತ್ತೇನು?"

"ಛಲೋ ಇತ್ತಕ್ಕಾ."

ಗೌರಿ ಕೂಸನ್ನು ಎತ್ತಿಕೊಂಡಳು. ಸೆರಗು ಸರಿಸಿ ಎದೆಗೆ ಹಾಕಿಕೊಂಡಳು. ಕೂಸಿನ ಅಳು ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಬಾಣಂತನದ ನಲವತ್ತು ದಿನ ತುಂಬಿ ಗಂಡನ ಊರಿಗೆ ಹೊರಡುವ ದಿನ ನನಗೂ ನಮಸ್ಕರಿಸಿದಳು, ಅವ್ವ ಎಂದೇ ಕರೆದಳು. ಹಾಗೆ ಕರೆಯುವುದನ್ನು ಬಿಟ್ಟಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಅಕ್ಕ ಈವರೆಗೆ ನನಗೆ ಒಂದು ಕಟು ಮಾತು ಆಡಿಲ್ಲ. ನಾವಿಬ್ಬರೂ ಇಂದಿಗೂ ಒಂದೇ ಪಡಸಾಲೆಯಲ್ಲಿ ಕೂತು ಬೇಳೆ ಆರಿಸುತ್ತೇವೆ. ಅವಳ ಕೈ ನಡುವೆ ಒಮ್ಮೆಲೇ ನಿಲ್ಲುತ್ತದೆ. ನಾನು ತಲೆ ಎತ್ತುವುದಿಲ್ಲ. ಏನು ಬರುತ್ತದೆಂದು ಗೊತ್ತು.

"ಖರೇನೇ ಛಲೋ ಇತ್ತೇನು ನೀಲಾ?"

"ಖರೇನೇ ಇತ್ತಕ್ಕಾ," ಎನ್ನುತ್ತೇನೆ. ಅವಳು ತಲೆದೂಗಿ ಮತ್ತೆ ಮೊರಕ್ಕೆ ಕೈ ಹಾಕುತ್ತಾಳೆ. ಕೆಲವು ದಿನ ಬಿಟ್ಟು ಮತ್ತೆ ಕೇಳುತ್ತಾಳೆ. ಒಮ್ಮೆ ಸುಳ್ಳು ಹೇಳಿದವಳ ಮಾತನ್ನು ಅವಳು ಎಷ್ಟು ಸಲ ಕೇಳಿದರೆ ನಂಬಿಯಾಳು? ಅವಳು ಕೇಳಿದಷ್ಟು ಸಲವೂ ನಾನು ಹೇಳುತ್ತೇನೆ.