ಏಳನೇ ಬೇಡಿಕೆ

ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ನಾಲಿಗೆಯ ತುದಿಗೆ ಉಪ್ಪು ತಾಗಿತು. ಸಮುದ್ರದ ಬದಿಯ ಕೋಡಿಯಲ್ಲಿ ಮನೆ ಮಾಡಿಕೊಂಡವರಿಗೆ ಇದೇನೂ ಹೊಸತಲ್ಲ. ಮೇ ತಿಂಗಳು ಬಂತೆಂದರೆ ನಮ್ಮ ಬಾವಿಯ ನೀರು ಸಪ್ಪೆಗೂ ಉಪ್ಪಿಗೂ ನಡುವೆ ಎಲ್ಲೋ ನಿಂತುಬಿಡುತ್ತದೆ. ನಿನ್ನೆ ನಳ್ಳಿ ನೀರು ಬಂದಾಗ ಹಿಡಿದಿಡಲು ಉದಾಸೀನ ಮಾಡಿದ್ದೆ, ಹಾಗಾಗಿ ಬಾವಿ ನೀರಿಗೇ ಚಹಾಪುಡಿ ಹಾಕಿದ್ದೆ. ನನ್ನ ಗಂಡ ಒಂದು ಗುಟುಕು ಕುಡಿದು, "ಎಂತ ಇದ್, ಚಾ ಅಲ್ದೆ ಸಾರಾ?" ಎಂದು ಲೋಟ ಕೆಳಗಿಟ್ಟರು. ಬೇರೆ ದಿನವಾಗಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಇವತ್ತು ನನಗೆ ಗೋಪಾಲಣ್ಣನ ನೆನಪಾಗಿತ್ತು.

ಗೋಪಾಲಣ್ಣ ಯಾರೆಂದು ನಿಮಗೆ ಹೇಳಬೇಕು. ಹೆಮ್ಮಾಡಿಯ ಆಚೆ ಹೊಳೆಯ ಬದಿಯಲ್ಲಿ ಒಂದು ಸಣ್ಣ ಪಂಪ್‌ಹೌಸ್ ಇದೆ, ಅಲ್ಲಿ ನೀರೆತ್ತುವವರು ಅವರು. ನಾನು ಅದೇ ನೀರಿನ ಇಲಾಖೆಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಮೂರು ವರ್ಷದ ಹಿಂದಿನವರೆಗೆ ಇಬ್ಬರೂ ಗುತ್ತಿಗೆಯವರೇ. ಬೇಸಿಗೆಯಲ್ಲಿ ಹೊಳೆ ಬಡವಾದಾಗ ಉಬ್ಬರದ ಹೊತ್ತಿಗೆ ಸಮುದ್ರದ ನೀರು ಹೊಳೆಯೊಳಗೆ ಮೇಲೇರಿ ಬರುತ್ತದೆ. ನಮ್ಮ ಕಡೆಯವರು ಈ ಉಬ್ಬರವನ್ನು ಭರ್ತ ಎನ್ನುತ್ತಾರೆ. ಭರ್ತ ಇರುವಾಗ ಪಂಪ್ ಹಾಕಿದರೆ ಊರಿಗೆಲ್ಲ ಉಪ್ಪುನೀರು. ಅದು ಇಳಿದು ಸಿಹಿನೀರು ಹರಿಯತೊಡಗಿದ ಮೇಲೆಯೇ ಹಾಕಬೇಕು. ಭರ್ತದ ಹೊತ್ತೋ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಗೋಪಾಲಣ್ಣನ ಕೆಲಸಕ್ಕೂ ಒಂದು ಹೊತ್ತು ಅಂತಿಲ್ಲ. ಹೊಳೆಗಿಳಿದು, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ನಂತರವೇ ಸ್ವಿಚ್ ಒತ್ತುತ್ತಾರೆ. ಉಪ್ಪು ಅಳೆಯುವ ಯಂತ್ರವೊಂದು ತರಿಸಿಕೊಡೋಣವೇ ಎಂದು ಒಮ್ಮೆ ನಾನು ಕೇಳಿದ್ದಕ್ಕೆ, "ನಾಲ್ಗಿಗಿಂತ ದೊಡ್ಡ ಮಿಷಿನ್ ಎಂತಕ್ ಮಾರಾಯ್ತಿ?" ಎಂದು ನಕ್ಕಿದ್ದರು.

ಮೂರು ವರ್ಷದ ಹಿಂದೆ ನಮ್ಮ ಸಂಘ ಹೊಸ ಒಪ್ಪಂದಕ್ಕೆ ಮಾತುಕತೆಗೆ ಕೂತಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರೂ ತಾಲೂಕಿನ ನೀರಿನ ಕೆಲಸದವರೆಲ್ಲ ಸೇರಿದ ಸಂಘ ಅದು. ಕಿರಿಮಂಜೇಶ್ವರದ ಶೀನಣ್ಣ ಅಧ್ಯಕ್ಷರು. ಹರೆಯದಲ್ಲಿ ಮುಂಬಯಿಯ ಹೋಟೆಲಿನಲ್ಲಿದ್ದು ಬಂದವರಾದ್ದರಿಂದ ಕೋಪ ಬಂದಾಗ ಅವರ ಬಾಯಲ್ಲಿ ಹಿಂದಿ ಬರುತ್ತಿತ್ತು. ನನ್ನನ್ನು ಕಾರ್ಯದರ್ಶಿ ಮಾಡಿದ್ದು ನನ್ನ ಧೈರ್ಯ ನೋಡಿ ಎಂದು ನೀವು ತಿಳಿಯಬೇಡಿ. ಇಡೀ ಸಂಘದಲ್ಲಿ ಕನ್ನಡ ಟೈಪಿಂಗ್ ಬರುತ್ತಿದ್ದವಳು ನಾನೊಬ್ಬಳೇ.

ಬೇಡಿಕೆ ಪಟ್ಟಿ ತಯಾರು ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ನಾನು ಏನು ಮಾಡಿದೆ ಹೇಳಲಾ? ಘಟ್ಟದ ಮೇಲಿನ ಯಾವುದೋ ಊರಿನ ಸಂಘದ ಪಟ್ಟಿಯೊಂದು ಫೋನಿನಲ್ಲಿ ಬಂದಿತ್ತು. ಹನ್ನೆರಡು ಬೇಡಿಕೆ, ಚಂದದ ಭಾಷೆ. ಊರಿನ ಹೆಸರು ಅಳಿಸಿ ನಮ್ಮ ಹೆಸರು ಹಾಕಿ, ಮೇಲೊಂದು ಗೆರೆ ಎಳೆದು, ಒಂದು ಗಂಟೆಯೊಳಗೆ ಮುಗಿಸಿಬಿಟ್ಟೆ. ಎಲ್ಲರೂ, "ಅಬ್ಬಾ, ಎಷ್ಟ್ ಲಾಯ್ಕ್ ಬರ್ದಿದ್ಲ್!" ಎಂದು ಹೊಗಳಿದರು. ನಾನೂ ನನ್ನ ಸ್ವಂತ ಪಾಂಡಿತ್ಯವೇ ಎಂಬಂತೆ ತಲೆ ತಗ್ಗಿಸಿ ನಾಚಿಕೊಂಡೆ. ಮೊದಲನೇ ಬೇಡಿಕೆ ಗುತ್ತಿಗೆದಾರನನ್ನು ಬಿಟ್ಟು ಇಲಾಖೆಯೇ ನಮ್ಮನ್ನು ನೇರವಾಗಿ ತೆಗೆದುಕೊಳ್ಳಬೇಕು ಎಂಬುದು. ಎಲ್ಲರ ಕಣ್ಣೂ ಅದರ ಮೇಲೆಯೇ ಇತ್ತು. ಕೆಳಗಿನದನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಎಲ್ಲರೂ ಸಾಲಾಗಿ ಬಂದು ಸಹಿ ಹಾಕಿದರು.

ಎದುರಿಗೆ ಕೂತ ಅಧಿಕಾರಿ ಬಯಲುಸೀಮೆಯವರು, ಬಂದು ಆರು ತಿಂಗಳಾಗಿತ್ತಷ್ಟೆ. ಕೆಟ್ಟ ಮನುಷ್ಯ ಅಲ್ಲ. ಎರಡನೇ ಸಭೆಯಲ್ಲಿ ಒಂದೊಂದಾಗಿ ಓದುತ್ತಾ, "ಇದನ್ನ ಮೇಲಕ್ಕೆ ಬರೀಬೇಕು... ಇದು ಕಷ್ಟ ರೀ..." ಎನ್ನುತ್ತಾ ಏಳನೆಯದಕ್ಕೆ ಬಂದವರು ಮುಖ ಅರಳಿಸಿದರು. "ಎಲ್ಲಾ ನೌಕರರಿಗೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಿಗದಿತ ಅವಧಿ. ಇದನ್ನ ಈಗಲೇ ಒಪ್ಪಿದೆ. ಕಚೇರಿಗೆ ಹೆಬ್ಬೆಟ್ಟಿನ ಹಾಜರಿ ಯಂತ್ರನೂ ಬರ್ತಾ ಇದೆ. ತಿಂಗಳಲ್ಲಿ ಮೂರು ಸಲ ಬೆರಳು ಬೀಳದಿದ್ರೆ ಮಾತ್ರ ಹೆಸರು ತೆಗೀತೀವಿ." ನಮ್ಮವರು ಚಪ್ಪಾಳೆ ತಟ್ಟಿದರು. ಒಂದಾದರೂ ಸಿಕ್ಕಿತಲ್ಲ ಎಂದು ಶೀನಣ್ಣ ಎಲ್ಲರಿಗೂ ಗೋಳಿಬಜೆ ತಿನ್ನಿಸಿದರು. ನಾನು ಎರಡು ಪ್ಲೇಟು ತಿಂದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ, ಗೋಪಾಲಣ್ಣನ ಪಂಪಿನಿಂದ ಬರುವ ನಳ್ಳಿ ನೀರು ಹಿಡಿಯುತ್ತಿದ್ದೆ. ಹಿಂದಿನ ದಿನ ಐದಕ್ಕೆ ಬಂದ ನೀರು ಅಂದು ಆರಕ್ಕೆ ಹತ್ತಿರವಾದಾಗ ಬಂದಿತ್ತು. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನಾನು ನಿಂತೇ ಇದ್ದೆ. ಒಂಬತ್ತರಿಂದ ಐದು! ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಹೊಳೆ ಉಪ್ಪಾಗಿರುವುದೇ ಆ ಹೊತ್ತಿನಲ್ಲಿ. ಗೋಪಾಲಣ್ಣ ಇಳಿತ ನೋಡಿ ಪಂಪ್ ಹಾಕಿದರೆ ಹೆಬ್ಬೆಟ್ಟು ಒತ್ತಲು ಕಚೇರಿಗೆ ಬರುವಂತಿಲ್ಲ. ಹೆಬ್ಬೆಟ್ಟು ಒತ್ತಿದರೆ ಊರಿಗೆ ಉಪ್ಪುನೀರು. ಇಪ್ಪತ್ತೆರಡು ವರ್ಷ ಆ ಹೊಳೆಯ ಬದಿಯಲ್ಲಿ ನಿಂತ ಮನುಷ್ಯನ ಹೆಸರು ಮೊದಲ ತಿಂಗಳೇ ಪಟ್ಟಿಯಿಂದ ಹೋಗುತ್ತಿತ್ತು. ಸಮುದ್ರವನ್ನೇ ನೋಡದ ಊರಿನವರ ಕಾಗದವನ್ನು ನಕಲು ಮಾಡಿ ಗೋಪಾಲಣ್ಣನ ಅನ್ನಕ್ಕೆ ಕಲ್ಲು ಹಾಕಿದವಳು ಕೋಡಿಯಲ್ಲಿ ದಿನಾ ಅಲೆಯ ಸದ್ದು ಕೇಳುತ್ತಾ ಮಲಗುವ ನಾನು! ಆ ನಾಚಿಕೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಶೀನಣ್ಣನಿಗೆ ಫೋನ್ ಮಾಡಿದೆ. ಮೊದಲು ಹಿಂದಿಯಲ್ಲಿ ಬೈದರು, ಆಮೇಲೆ ಕನ್ನಡದಲ್ಲಿ. ಕೊನೆಗೆ, "ಹೋಯ್ಲಿ, ನಾಡಿದ್ದ್ ಸಹಿ ಮಾಡು ಮುಂಚೆ ನೀನೇ ಎದ್ದ್ ನಿಂತ್ ಹೇಳ್" ಎಂದರು.

ಮೂರನೇ ಸಭೆಯ ದಿನ ಒಪ್ಪಂದದ ಪ್ರತಿ ಮೇಜಿನ ಮೇಲಿತ್ತು. ನಮ್ಮ ಅದೃಷ್ಟಕ್ಕೆ ಮೊದಲನೇ ಬೇಡಿಕೆಗೂ ಮೇಲಿನಿಂದ ಒಪ್ಪಿಗೆ ಬಂದಿತ್ತು. ಈಗ ನಾನು ಬಾಯಿ ಬಿಟ್ಟರೆ ಅದೂ ಕೈತಪ್ಪುವುದೇನೋ ಎಂಬ ಹೆದರಿಕೆ. ಆದರೂ ಎದ್ದೆ. "ಸರ್, ನಮಗೆ ಏಳನೇ ಬೇಡಿಕೆ ಬೇಡ. ಅದು ನಮ್ಮದಲ್ಲ. ನಾನು ಬೇರೆ ಊರಿನವರದ್ದನ್ನು ನೋಡಿ ಬರೆದದ್ದು. ಹೆಮ್ಮಾಡಿ ಪಂಪ್‌ಹೌಸಿನಲ್ಲಿ ಸಮುದ್ರದ ಉಬ್ಬರ ಇಳಿದ ಮೇಲೆಯೇ ನೀರೆತ್ತಬೇಕು, ಅದಕ್ಕೆ ಒಂಬತ್ತು, ಐದು ಅಂತಿಲ್ಲ."

ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಲ್ಲಮ್ಮಾ, ಕೇಳಿದ್ದು ನೀವು, ಕೊಟ್ಟಿದ್ದು ನಾವು. ಬೇಡ ಅಂದ್ರೆ ಏನರ್ಥ? ಸಮುದ್ರ ಎಲ್ಲಿ, ಹೆಮ್ಮಾಡಿ ಪಂಪ್‌ಹೌಸ್ ಎಲ್ಲಿ?"

ಆಗ ಹಿಂದಿನ ಸಾಲಿನಲ್ಲಿದ್ದ ಗೋಪಾಲಣ್ಣ ಎದ್ದರು. ಮಾತುಕತೆ ಶುರುವಾದಾಗಿನಿಂದ ಅವರು ಬಾಯಿ ತೆರೆದದ್ದು ಅದೇ ಮೊದಲು. "ಸ್ವಾಮಿ, ಇವತ್ತ್ ಹುಣ್ಮಿ ಕಳ್ದ್ ಚೌತಿ. ಮೂರ್ ಗಂಟಿ ಹೊತ್ತಿಗ್ ನಮ್ ಪಂಪ್‌ಹೌಸ್ ಹತ್ರ ಭರ್ತ. ನಾಳೆ ನಾಲ್ಕರ್ ಹತ್ರ. ನಾಡಿದ್ದ್ ಇನ್ನೂ ಮುಂದೆ."

ಅಧಿಕಾರಿ ಫೋನ್ ತೆಗೆದು ಹುಡುಕಿದರು. "ಇದರಲ್ಲಿ ಎರಡು ಗಂಟೆ ಅಂತಿದೆಯಲ್ಲಾ" ಎಂದರು.

"ಅದ್ ಸಮುದ್ರದ್ದ್ ಸ್ವಾಮಿ" ಎಂದರು ಗೋಪಾಲಣ್ಣ, ತುಸುವೂ ಅಲುಗದೆ. "ಅಲ್ಲಿಂದ ಹೊಳಿ ಹತ್ತಿ ನಮ್ಮಲ್ಲಿಗ್ ಬಪ್ಪುಕೆ ಒಂದ್ ಗಂಟಿ ಬೇಡ್ದಾ?"

ಅಧಿಕಾರಿ ಫೋನನ್ನೊಮ್ಮೆ, ಗೋಪಾಲಣ್ಣನನ್ನೊಮ್ಮೆ ನೋಡಿದರು. ಆಮೇಲೆ ನಗು ತಡೆಯಲಾಗದೆ ನಕ್ಕರು. ನಕ್ಕ ಮೇಲೆ ಪೆನ್ನು ತೆಗೆದು ಏಳನೇ ಕಲಮನ್ನು ಹೊಡೆದುಹಾಕಿ ಪಕ್ಕದಲ್ಲಿ ತಮ್ಮ ಕೈಯಿಂದಲೇ ಬರೆದರು: ನೀರೆತ್ತುವ ನೌಕರರಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಅದರ ಹೊತ್ತು ಉಬ್ಬರವಿಳಿತವನ್ನು ಅನುಸರಿಸತಕ್ಕದ್ದು, ಹಾಜರಿ ಪಂಪ್‌ಹೌಸಿನ ಪುಸ್ತಕದಲ್ಲಿ. ಸಹಿ ಬಿತ್ತು. ಶೀನಣ್ಣ ಭಾಷಣಕ್ಕೆ ಎದ್ದರು, ಯಾರೂ ಕೇಳಲಿಲ್ಲ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅಷ್ಟು ಹಗುರ ನನಗೆ ಹೆರಿಗೆಯಾದ ದಿನವೂ ಆಗಿರಲಿಲ್ಲ.

ಸಂಜೆ ಬಸ್ಸಿಗೆ ಕಾಯುವಾಗ ಗೋಪಾಲಣ್ಣನೂ ನಾನೂ ಇಬ್ಬರೇ ಇದ್ದೆವು. "ನೀವಾದರೂ ಆವತ್ತೇ ಓದಿ ಹೇಳಬಾರದಿತ್ತಾ?" ಎಂದೆ.

"ಓದಿದ್ದೆ ಮಾರಾಯ್ತಿ" ಎಂದರು. "ಸೈನ್ ಹಾಕು ಹೊತ್ತಿಗೇ ಕಂಡಿದ್ದೆ."

"ಮತ್ತೆ?"

"ಓದಿದ್ ಹೆಣ್ಣ್ ಬರ್ದದ್ದ್, ಎಂತಾರೂ ಕಾರಣ ಇರ್ತ್ ಅಂದೇಳಿ ಸುಮ್ನಾದೆ."

ಬಸ್ಸು ಬಂತು, ಅವರು ಹತ್ತಿ ಹೋದರು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ನನ್ನ ಒಂದು ಗಂಟೆಯ ಟೈಪಿಂಗನ್ನು ಪ್ರಶ್ನಿಸಲು ಆ ಮನುಷ್ಯ ಹಿಂಜರಿದಿದ್ದರು. ಸಹಿ ಬಿದ್ದಾಗಿನ ಸಮಾಧಾನದ ಅರ್ಧ ಅಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಹೋಯಿತು.

ಆ ಒಪ್ಪಂದದ ಮೂರು ವರ್ಷ ಈಗ ಮುಗಿಯುತ್ತಾ ಬಂದಿದೆ. ಹಳೆಯದರ ತಾರೀಕು ಬದಲಿಸಿದರೆ ಸಾಕೆಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಈ ಸಲ ಮೂರೂ ತಾಲೂಕಿನ ಪಂಪ್‌ಹೌಸುಗಳಿಗೆ ಹೋಗಿ, ಕೇಳಿ, ಬರೆದೆ. ಇವತ್ತು ಮಧ್ಯಾಹ್ನ ಇಳಿತದ ಹೊತ್ತು ನೋಡಿಕೊಂಡು ಹೆಮ್ಮಾಡಿಯ ಹೊಳೆಬದಿಯಲ್ಲೇ ಎಲ್ಲರನ್ನೂ ಕೂರಿಸಿ, ಪಂಪಿನ ಸದ್ದಿನ ಮೇಲೆ ಗಂಟಲು ಏರಿಸಿ ಒಂದೊಂದನ್ನೇ ಓದಿದೆ. ನಾಲ್ಕು ಮುಗಿಯಿತು, ಐದು ಮುಗಿಯಿತು. ಎಲ್ಲರೂ ತಲೆ ಆಡಿಸುತ್ತಿದ್ದರು. ಆರಕ್ಕೆ ಬಾಯಿ ತೆರೆದೆ.

"ಹ್ವಾಯ್, ನಿಲ್ಸ್ ಕಾಂಬ" ಎಂದರು ಗೋಪಾಲಣ್ಣ. "ಆ ಐದ್ನೇದ್ ನಂಗ್ ಸಮ ಕಾಣ್ತಿಲ್ಲೆ. ಇನ್ನೊಂದ್ ಸಲ ಓದ್."

ಓದಿದೆ. ಅವರು ಮತ್ತೆ ತಡೆದರು. ನಾವಿಬ್ಬರೂ ಅರ್ಧ ಗಂಟೆ ಜಗಳವಾಡಿದೆವು. ಕೊನೆಗೆ ಅವರು ಹೇಳಿದಂತೆಯೇ ತಿದ್ದಿದೆ. ಅಷ್ಟು ಸಂತೋಷದಿಂದ ನಾನು ಯಾರ ಹತ್ತಿರವೂ ಸೋತದ್ದಿಲ್ಲ.