ಒಬ್ಬರ ಗುಳಿಗೆ ಇನ್ನೊಬ್ಬರ ಸಂಚಿಯಲ್ಲಿ

ಚರ್ಚೆಯಲ್ಲಿ ಸೋಲುವುದು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ರಾಯಚೂರಿನ ಕಾಲೇಜಿಗೆ ಎರಡು ಕಪ್ ಗೆದ್ದುಕೊಟ್ಟವಳು ನಾನು. ಗೂಗಲ್ ಎಂಬ ನಮ್ಮ ಹಳ್ಳಿಯಲ್ಲಿ, ಅಜ್ಜಿಯ ಅಂಗಳದಲ್ಲಿ ಗೆದ್ದದ್ದೊಂದನ್ನು ಮಾತ್ರ ವಾಪಸು ಕೊಡಲು ಬಂದಿದ್ದರೆ ಎಂದೋ ಕೊಟ್ಟುಬಿಡುತ್ತಿದ್ದೆ.

ಅಜ್ಜಿಗೂ, ನಾವೆಲ್ಲ ಖಾಲಾ ಎಂದು ಕರೆಯುವ ಪಕ್ಕದ ಮನೆಯ ಮುದುಕಿಗೂ ಬಿಪಿ. ಅಜ್ಜಿ ಹೊಲದ ಕೆಲಸದಲ್ಲೇ ಬೆನ್ನು ಬಾಗಿದವಳು. ಖಾಲಾ ದೇವದುರ್ಗದ ಸಂತೆಯಲ್ಲಿ ಬಳೆ ಮಾರಿ ಬದುಕಿದವಳು, ಗಂಡ ಹೋದಮೇಲೆ ಒಬ್ಬಳೇ. ಇಬ್ಬರಿಗೂ ಓದು ಬಾರದು. ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ಬಂದು ಬಿಪಿ ನೋಡಿ ಗುಳಿಗೆ ಕೊಟ್ಟು ಹೋಗುತ್ತಿದ್ದರು. ಅವರು ಓಣಿ ದಾಟುವುದರೊಳಗೆ ಇವರದು ಅದಲುಬದಲು: ಅಜ್ಜಿಯ ಗುಳಿಗೆ ಖಾಲಾನ ಸಂಚಿಗೆ, ಖಾಲಾನದು ಅಜ್ಜಿಯ ಸಂಚಿಗೆ, ಎಲೆ ಅಡಿಕೆಯ ಪಕ್ಕ. ಹೀಗಾಗಿ ಬೆಳಗಾದರೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಲೇಬೇಕು. ಹೋದಮೇಲೆ ಚಹಾ, ಸೊಸೆಯ ಮೇಲೆ ಅಜ್ಜಿಯ ದೂರು, "ನುಂಗಬೇ, ಬಾಯಿ ತೆರಿ, ನೋಡ್ತೀನಿ" ಎಂಬ ದಬ್ಬಾಳಿಕೆ.

ರಜೆಗೆ ಹೋದಾಗ ಇದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಖಾಲಾ ಮದುವೆಗೆಂದು ಊರು ಬಿಟ್ಟರೆ? ಒಬ್ಬರದು ಇನ್ನೊಬ್ಬರ ಹೊಟ್ಟೆಗೆ ಹೋದರೆ? ಆಶಾ ಕಾರ್ಯಕರ್ತೆಯನ್ನೇ ನಿಲ್ಲಿಸಿ ಕೇಳಿದೆ. ಇಷ್ಟು ದಿನದಲ್ಲಿ ಒಮ್ಮೆಯೂ ತಪ್ಪಿಲ್ಲ, ಕಾಲೇಜಿನ ಮಾತು ಕಾಲೇಜಿನಲ್ಲೇ ಇರಲಿ ಎಂದರು. ತಪ್ಪಿಲ್ಲ ಅನ್ನುವುದು ಮುಂದೆ ತಪ್ಪುವುದಿಲ್ಲ ಅನ್ನುವುದಕ್ಕೆ ಪುರಾವೆಯಲ್ಲ ಎಂದೆ. ಅವರು ಸುಮ್ಮನಾದರು. ಸುಮ್ಮನಾದವರು ಸೋತರು ಎಂದು ಆಗ ನಾನು ತಿಳಿದಿದ್ದೆ. ದೇವದುರ್ಗಕ್ಕೆ ಹೋಗಿ ಏಳು ಖಾನೆಯ ಡಬ್ಬಿ ಎರಡು ತಂದೆ. ಅವರವರ ಗುಳಿಗೆ ಅವರವರಿಗೆ. ವಾರಕ್ಕೊಮ್ಮೆ ತುಂಬುವ ಕೆಲಸ ಅಜ್ಜಿಯ ಸೊಸೆ, ನನ್ನ ಚಿಗವ್ವನದು.

ಖಾಲಾನ ಮಗಳು ಇರುವುದು ಮಾನ್ವಿಯಲ್ಲಿ. ಬಂದುಬಿಡು ಎಂದು ವರ್ಷಗಟ್ಟಲೆ ಕರೆದಿದ್ದಳಂತೆ. ನಾ ಬಂದ್ರ ಇಕಿಗಿ ಗುಳಿಗಿ ಯಾರು ಕೊಡಬೇಕು ಎಂದು ಖಾಲಾ ಪ್ರತಿಸಲ ಅವಳ ಬಾಯಿ ಮುಚ್ಚಿಸುತ್ತಿದ್ದಳು. ಇದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಮರುತಿಂಗಳು ಮಗಳು ಬಂದು ಡಬ್ಬಿ ನೋಡಿದಳು, ತಾಯಿಯನ್ನು ಕರೆದುಕೊಂಡು ಹೋದಳು.

ಅಜ್ಜಿಯ ಬಿಪಿ ಏರಿತು. ಡಬ್ಬಿಯ ಮೂರು ಖಾನೆ ಮುಟ್ಟಿರಲೇ ಇಲ್ಲ. ಯಾಕೆಂದು ಕೇಳಿದರೆ ಅಜ್ಜಿ ನನ್ನ ಮುಖ ನೋಡಲಿಲ್ಲ.

"ನಂದು ನನಗ ನೆನಪಿರಾಂಗಿಲ್ಲಬೇ. ಆಕಿದು ಎಂದೂ ಮರ್ತಿದ್ದಿಲ್ಲ."

ಆಶಾ ಕಾರ್ಯಕರ್ತೆ ಈಗ ಓಣಿಯ ಬೇರೆ ಹಿರಿಯರನ್ನು ಇಬ್ಬಿಬ್ಬರನ್ನಾಗಿ ಜೋಡಿ ಮಾಡಿದ್ದಾರೆ. ಯಾರ ಗುಳಿಗೆ ಯಾರ ಸಂಚಿಯಲ್ಲಿದೆ ಎಂಬ ಗುರುತಿಗೆ ಬಣ್ಣದ ದಾರ ಕಟ್ಟಿರಿ ಎಂಬ ನನ್ನದೊಂದು ಮಾತನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಅಜ್ಜಿಗೂ ಒಬ್ಬ ಜೊತೆಗಾತಿಯನ್ನು ಹುಡುಕಿದರು. ಅಜ್ಜಿಯೇ ಒಲ್ಲೆ ಎಂದಳು. ಚಿಗವ್ವ ಅಂಗೈಗೆ ಹಾಕಿದರೆ ನುಂಗುತ್ತಾಳೆ, ಅಷ್ಟೇ.

ಹೋದ ತಿಂಗಳು ಮಾನ್ವಿಗೆ ಹೋದೆ. ತಪ್ಪಾಯಿತು ಅನ್ನಲು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಖಾಲಾ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಅಜ್ಜಿಯ ಬಿಪಿ ಕೇಳಿದಳು, ಇಳಿದಿದೆ ಎಂದೆ. ಊಟ, ಮೊಣಕಾಲು, ನಿದ್ದೆ, ಎಲ್ಲ ಕೇಳಿದಳು. ಈಗಲೂ ನಸುಕಿಗೇ ಏಳುತ್ತಾಳಾ ಎಂದಳು. ಹೌದು, ಎದ್ದು ಕಟ್ಟೆಯ ಮೇಲೆ ಕೂತಿರುತ್ತಾಳೆ ಎಂದೆ.

ಖಾಲಾ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು.

"ನಾನೂ ಆಗಲೇ ಏಳ್ತೀನಿ ಬೇಟಾ. ಎದ್ದು ಎಲ್ಲಿಗಿ ಹೋಗಬೇಕು ತಿಳೀವಲ್ದು."