ಕೆಟ್ಟು ನಿಲ್ಲದ ಟ್ರಾಕ್ಟರು

ಆ ಪುಟ್ಟ ಹಳೇ ಟ್ರಾಕ್ಟರು ಕೆಂಪಗಿತ್ತೋ, ತುಕ್ಕೇ ಹಾಗೆ ಕಾಣುತ್ತಿತ್ತೋ, ನನಗೆ ಖಾತ್ರಿಯಿಲ್ಲ. ಅದರ ಎಂಜಿನ್ ಕೆಟ್ಟಿರಲಿಲ್ಲ ಅನ್ನುವುದು ಮಾತ್ರ ಖಾತ್ರಿ.

ಅಜ್ಜಂಪುರದ ಹತ್ತಿರ ನಮ್ಮ ದೊಡ್ಡಪ್ಪ ಕೊಂಡ ಹೊಲದಲ್ಲಿ ಜಾಲಿ ಕಿತ್ತು ನೆಲ ಮಟ್ಟ ಮಾಡಲು ಆ ಟ್ರಾಕ್ಟರಿನಾತ ಅದನ್ನು ಓಡಿಸಿಕೊಂಡು ಬಂದಿದ್ದ. ಒಂದೊಂದು ತುಂಡು ಮುಗಿದಾಗಲೂ ಇಳಿದು, ಕೊಡದಿಂದ ನೀರು ಸುರಿದು, ಅದು ಯಾವ ಕಡೆ ಓಡುತ್ತದೆಂದು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. “ನಾನೇನ್ ಹೇಳೋದು, ನೀರೇ ಹೇಳ್ತದೆ” ಅನ್ನುತ್ತಿದ್ದ.

ಹೊಲದ ನಡುವೆ ಒಂದು ಕಾಲುದಾರಿಯಿತ್ತು. ಕೇರಿಯವರು ಹೆಣ ಹೊತ್ತು ಸ್ಮಶಾನಕ್ಕೆ ಹೋಗಲು ಇದ್ದದ್ದು ಅದೊಂದೇ.

“ಅದನ್ನೂ ಸೇರಿಸಿ ಎಳ್ದುಬಿಡಪ್ಪ” ಅಂದರು ದೊಡ್ಡಪ್ಪ.

ಆತ ಬ್ಲೇಡು ಎತ್ತಿ ಎಂಜಿನ್ ಆಫ್ ಮಾಡಿದ. “ಹೆಣ ಹೊತ್ತೋರು ಎತ್ಲಾಗ್ ಹೋಗ್ಬೇಕು, ಯಜಮಾನ್ರೇ?”

“ನಿನ್ ಡಬ್ಬಕ್ಕೆ ತಾಕತ್ತಿಲ್ಲ ಅನ್ನು.”

“ಹಂಗೇ ಅನ್ಕಳ್ಳಿ.”

ಮಾರನೇ ದಿನ ಜೆಸಿಬಿ ಬಂತು, ದಾರಿ ಹೋಯ್ತು. ಅಂದಿನಿಂದ ನಮ್ಮವರ ಮದುವೆ, ತಿಥಿಗಳಲ್ಲೆಲ್ಲ ಇದೇ ನಗೆ: “ಆ ಗುಜರಿ ನಡುಹೊಲದಲ್ಲಿ ಕೆಟ್ಟು ನಿಂತಿತ್ತು!” ಸುಳ್ಳು. ಆತ ಆಫ್ ಮಾಡಿದ್ದನ್ನು ಕಂಡವನು ನಾನು. ಅದನ್ನು ಹೇಳದೆ ಪ್ರತಿ ಸಲವೂ ಊಟ ಮುಗಿಸಿ ಎದ್ದವನೂ ನಾನೇ.

ಈ ಸಲ ಮಳೆ ಬಿದ್ದ ಮರುದಿನ ಹೊಲಕ್ಕೆ ಹೋದೆವು. ಉಳಿದೆಡೆ ನೀರು ಇಂಗಿತ್ತು. ತಲೆಮಾರುಗಳ ಕಾಲು ಗಟ್ಟಿಸಿದ್ದ ನೆಲದಲ್ಲಿ ಮಾತ್ರ ನಿಂತಿತ್ತು, ಈ ಬದುವಿನಿಂದ ಆ ಬದುವಿನವರೆಗೆ, ಚಟ್ಟ ಹೊತ್ತವರು ನಡೆಯುವಷ್ಟು ಅಗಲಕ್ಕೆ.

ದೊಡ್ಡಪ್ಪ ಅದನ್ನೇ ನೋಡಿದರು. “ಜೆಸಿಬಿಯವ್ನು ಸರಿಯಾಗಿ ಮಟ್ಟ ಮಾಡಿಲ್ಲ ಕಣೋ” ಅಂದರು.